ಲಟ್ಟಣಿಗೆ ಕಾಯ್ದ ಬಾಗಿಲು

ಸಂಜೆ ಐದು ಗಂಟೆ ಹತ್ತು ನಿಮಿಷ. ಇಷ್ಟು ಸರಿಯಾಗಿ ನೆನಪಿರುವುದಕ್ಕೆ ನನ್ನ ಜಾಣತನವೇನೂ ಕಾರಣವಲ್ಲ. ಐದಕ್ಕೆ ಮುಗಿಯಬೇಕಿದ್ದ ಮೀಟಿಂಗು ಎಳೆದಾಡುತ್ತಿತ್ತು, ನಾನು ಲ್ಯಾಪ್‌ಟಾಪಿನ ಮೂಲೆಯ ಗಡಿಯಾರವನ್ನೇ ನೋಡುತ್ತಾ ಕೂತಿದ್ದೆ. ಬಾಯಾರಿತು. ಕಿವಿಯ ಹೆಡ್‌ಫೋನ್ ಕೂಡ ತೆಗೆಯದೆ, ಖಾಲಿ ಬಾಟಲಿ ಹಿಡಿದು ಕೋಣೆಯಿಂದ ಹಾಲಿಗೆ ಬಂದೆ. ಅಮ್ಮ ದೇವರ ಮುಂದೆ ದೀಪ ಹಚ್ಚಿ, ಕಲ್ಲುಸಕ್ಕರೆಯ ತಟ್ಟೆ ಹಿಡಿದು ನಿಂತಿದ್ದಳು. ಅವಳ ಎದುರಿಗೆ ನಾನೆಂದೂ ನೋಡಿರದ ಒಬ್ಬ ಮನುಷ್ಯ ನಿಂತಿದ್ದ. ಅವನ ಬಲಗೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇತ್ತು.

ಇಲ್ಲಿಗೆ ಬಂದ ಕೂಡಲೇ ನನ್ನ ನೆನಪು ಮಳೆಗಾಲದಲ್ಲಿ ಉಬ್ಬಿದ ಕದದ ಹಾಗೆ ನಿಂತುಬಿಡುತ್ತದೆ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹಲ್ಲುಜ್ಜುವಾಗ, ಟ್ರೇನಿನಲ್ಲಿ ಕೂತಾಗ, ಅಂಗಡಿಯಲ್ಲಿ ಟೊಮೆಟೊ ಆರಿಸುವಾಗ, ಅದೇ ಹಾಲು, ಅದೇ ತಟ್ಟೆ. ಇವತ್ತು ಬೆಳಗ್ಗೆ ಚಪಾತಿ ಲಟ್ಟಿಸುವಾಗಲೂ ಹಾಗೇ ಆಯಿತು. ನಮ್ಮ ಲಟ್ಟಣಿಗೆಯ ಒಂದು ತುದಿಯಲ್ಲಿ ಸಣ್ಣದೊಂದು ತಗ್ಗು ಬಿದ್ದಿದೆ. ಅದು ಉರುಳಿದಲ್ಲೆಲ್ಲ ಚಪಾತಿಯ ಮೇಲೆ ಗೆರೆ ಮೂಡುತ್ತದೆ. ಆ ಗೆರೆಯನ್ನೇ ನೋಡುತ್ತಾ ನಿಂತೆ. ಹೆಂಚಿನ ಮೇಲಿದ್ದದ್ದು ಕರಕಲಾಯಿತು.

“ವೀಣಾ, ಮತ್ತೆ ಸಿಡ್ನಿಗೆ ಹೋಗಿದ್ದೀಯಾ?” ಎಂದ ಗಿರೀಶ, ಒಲೆ ಆರಿಸುತ್ತಾ.

ಗಿರೀಶ ನನ್ನ ಗಂಡ. ನಾವೀಗ ಇರುವುದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ. ‘ಸಿಡ್ನಿಗೆ ಹೋಗುವುದು’ ಎಂದರೆ ನಮ್ಮ ಮನೆಯಲ್ಲಿ ವಿಮಾನ ಹತ್ತುವುದಲ್ಲ.

ಈ ಲಟ್ಟಣಿಗೆ ಅಮ್ಮನದು. ಅರಸೀಕೆರೆಯ ಬಡಗಿಯೊಬ್ಬ ಹೊನ್ನೆ ಮರದಲ್ಲಿ ಮಾಡಿಕೊಟ್ಟದ್ದು. ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಸಿಗುವ ಲಟ್ಟಣಿಗೆಗಳನ್ನು ಅಮ್ಮ ‘ಪೆನ್ಸಿಲ್ಲು’ ಎಂದು ಕರೆಯುತ್ತಾಳೆ. ವಿಸಿಟರ್ ವೀಸಾದಲ್ಲಿ ನನ್ನ ಹತ್ತಿರ ಬರುವಾಗ ಅದನ್ನು ಸೀರೆಯೊಂದರಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಂದಳು. ಈ ದೇಶಕ್ಕೆ ಮರದ ಸಾಮಾನು ತಂದರೆ ಏರ್‌ಪೋರ್ಟಿನಲ್ಲಿ ತೋರಿಸಬೇಕು. ಆಫೀಸರೊಬ್ಬ ಲಟ್ಟಣಿಗೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹುಳುವಿನ ತೂತು ಹುಡುಕಿದನಂತೆ. “ಎಷ್ಟು ನೋಡ್ತಾನೆ ಅಂತೀಯ, ಹೆಣ್ಣು ನೋಡೋಕೆ ಬಂದೋನ ಥರ. ಕೊನೆಗೆ ನಾನೇ ಅವನ ಕೈಯಿಂದ ತಗೊಂಡು ಟೇಬಲ್ ಮೇಲೆ ಲಟ್ಟಿಸಿ ತೋರಿಸ್ದೆ. ನಕ್ಕುಬಿಟ್ಟ” ಎಂದು ಅಮ್ಮ ಸಿಡ್ನಿ ಏರ್‌ಪೋರ್ಟಿನಿಂದ ಬ್ಲ್ಯಾಕ್‌ಟೌನ್ ತಲಪುವವರೆಗೆ ಇದನ್ನೇ ಹೇಳಿದಳು. ಗೊತ್ತಿಲ್ಲದ ಮನುಷ್ಯರನ್ನು ನಗಿಸುವುದು ಅಮ್ಮನಿಗೆ ಕಷ್ಟವೇ ಆಗಿರಲಿಲ್ಲ. ಆಗಿರಲಿಲ್ಲ ಎಂದು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ಅಪ್ಪನಿಗೆ ರೈಲ್ವೆಯಲ್ಲಿ ಕೆಲಸವಿತ್ತು. ನಾನು, ನನ್ನ ತಮ್ಮ ಇಬ್ಬರೂ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಸಾಲು ಮನೆಗಳು, ಎಲ್ಲಕ್ಕೂ ಒಂದೇ ಬಣ್ಣದ ಬಾಗಿಲು, ಎಲ್ಲವೂ ಹಗಲಿಡೀ ತೆರೆದೇ ಇರುತ್ತಿದ್ದವು. ಗೂಡ್ಸ್ ಗಾಡಿಯ ಹೊಗೆ, ಪಕ್ಕದ ಮನೆಯ ಒಗ್ಗರಣೆ, ಯಾರದೋ ಮನೆಯ ಕೋಳಿ, ಎಲ್ಲವೂ ನಮ್ಮ ತಲೆಬಾಗಿಲಿನಿಂದಲೇ ಒಳಗೆ ಬರುತ್ತಿದ್ದವು. ಒಮ್ಮೆ ಅತ್ತೆಯ ಮಗಳ ಮದುವೆಗೆಂದು ನಾವೆಲ್ಲ ಕಡೂರಿಗೆ ಹೊರಟೆವು. ಹೊರಡುವ ಹೊತ್ತಿಗೆ ಬೀಗ ಸಿಗಲಿಲ್ಲ. ನಮ್ಮ ಹತ್ತಿರ ಬೀಗ ಇದೆಯೋ ಇಲ್ಲವೋ ಎಂಬುದೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಅಟ್ಟ ಹತ್ತಿದರು, ಟ್ರಂಕು ಕೆಡವಿದರು. ಕೊನೆಗೆ ಅಮ್ಮ ಪಕ್ಕದ ಮನೆಯಿಂದ ಒಂದು ಬೀಗ ಕೇಳಿ ತಂದಳು. ಬೀಗ ಹಾಕಿ, ಕೀಯನ್ನು ಅಪ್ಪ ಜೋಪಾನವಾಗಿ ಜನಿವಾರಕ್ಕೆ ಕಟ್ಟಿಕೊಂಡರು. ಟ್ರೇನು ಬಾಣಾವರ ದಾಟಿದ ಮೇಲೆ ಅಪ್ಪನಿಗೆ ಹೊಳೆಯಿತು: “ಅಲ್ವೇ, ಬೀಗ ಅವರದು ಅಂದ್ಮೇಲೆ ಇನ್ನೊಂದು ಕೀ ಅವರ ಹತ್ರಾನೇ ಇರುತ್ತಲ್ಲ?” ಅಮ್ಮ, “ಇರ್ಲಿ ಬಿಡಿ. ತುಳಸಿಗೆ ನೀರು ಹಾಕೋಕೆ ಅವ್ರು ಒಳಗೆ ಬರಬೇಕಲ್ಲ” ಎಂದಳು. ಡಬ್ಬಿಯಲ್ಲಿ ಇದ್ದವರೆಲ್ಲ ನಕ್ಕರು.

ಹಗಲು ಬಾಗಿಲು ತೆರೆದಿಡುವುದು ಅಭ್ಯಾಸ. ಸಂಜೆ ತೆರೆದಿಡುವುದು ಮಾತ್ರ ಅಮ್ಮನ ಪಾಲಿಗೆ ನೇಮ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಲ ಬಾಗಿಲು ಮುಚ್ಚಿರಬೇಕು. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದಿನ ಬಾಗಿಲು ತೆರೆದಿದ್ದರೆ ಹಾಗೇ ಹೊರಟುಹೋಗುತ್ತಾಳೆ. ಆ ಹೊತ್ತಿನಲ್ಲಿ ಯಾರು ಬಂದರೂ ಬರಿಗೈಯಲ್ಲಿ ಕಳಿಸಬಾರದು. ಅದಕ್ಕೆಂದೇ ತಟ್ಟೆಯಲ್ಲಿ ಕಲ್ಲುಸಕ್ಕರೆ. ಆ ಕಲ್ಲುಸಕ್ಕರೆಗಾಗಿ ನಮ್ಮ ಸಾಲಿನ ಮಕ್ಕಳೆಲ್ಲ ದೀಪದ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬರುತ್ತಿದ್ದರು. ಲಕ್ಷ್ಮಿ ಬಂದದ್ದನ್ನು ನಾನು ನೋಡಿಲ್ಲ. ಮೂಗು ಸುರಿಸುವ ಮಕ್ಕಳ ಸೈನ್ಯ ಬಂದದ್ದನ್ನು ನೋಡಿದ್ದೇನೆ.

ಬ್ಲ್ಯಾಕ್‌ಟೌನಿನ ನಮ್ಮ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿತ್ತು. ಗಿರೀಶನಿಗೆ ಅದಾಗಲೇ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಅಲ್ಲಿ ಒಂದು ರೂಮು ಹಿಡಿದಿದ್ದ. ನಾನು ಸಿಡ್ನಿಯಲ್ಲೇ ಇರುವ ಲಿವರ್‌ಪೂಲಿನ ಆಫೀಸಿನಿಂದ ಟ್ರಾನ್ಸ್‌ಫರ್ ಕಾಯುತ್ತಿದ್ದೆ. ಅಲ್ಲಿಯವರೆಗೆ ಅಮ್ಮ, ನಾನು ಇಬ್ಬರೇ. ಬಂದ ಮರುದಿನವೇ ಅಮ್ಮ ಮನೆಯ ವಾಸ್ತುವನ್ನು ತನಗೆ ಬೇಕಾದಂತೆ ಹೊಂದಿಸಿಕೊಂಡಳು. ಬಾಲ್ಕನಿಯ ಗಾಜಿನ ಬಾಗಿಲು ಹಿತ್ತಲ ಬಾಗಿಲಾಯಿತು. ಕಾರಿಡಾರಿಗೆ ತೆರೆಯುವ ಬಾಗಿಲು ತಲೆಬಾಗಿಲಾಯಿತು. ತೊಂದರೆ ಏನೆಂದರೆ, ಇಲ್ಲಿಯ ಅಪಾರ್ಟ್‌ಮೆಂಟುಗಳ ಮುಂಬಾಗಿಲುಗಳು ಬೆಂಕಿ ತಡೆಯಲೆಂದು ಮಾಡಿದವು. ಕೈ ಬಿಟ್ಟರೆ ತಾವೇ ಮುಚ್ಚಿಕೊಳ್ಳುತ್ತವೆ. ಅಮ್ಮ ಎರಡು ದಿನ ಅದರ ಜೊತೆ ಗುದ್ದಾಡಿದಳು. “ಇದೇನೇ ಇದು, ಅತ್ತೆ ಮನೆ ಬಾಗಿಲಿನ ಥರ, ಹೊರಗೆ ಹೋದ್ರೆ ಸಾಕು ಅಂತ ಮುಚ್ಕೊಳ್ಳುತ್ತೆ” ಎಂದಳು. ಮೂರನೆಯ ದಿನ ಲಟ್ಟಣಿಗೆಯನ್ನು ಹೊಸ್ತಿಲಿಗೆ ಅಡ್ಡ ಇಟ್ಟಳು. ಬಾಗಿಲು ಬಂದು ಅದಕ್ಕೆ ತಾಗಿ ನಿಂತಿತು.

ಹೀಗೆ ಪ್ರತಿ ಸಂಜೆ, ಮೂರನೆಯ ಮಹಡಿಯಲ್ಲಿ ಹಕ್ಕಿ ಮಾತ್ರ ಬರಬಹುದಾದ ಬಾಗಿಲನ್ನು ಭದ್ರವಾಗಿ ಮುಚ್ಚಿ, ಯಾರು ಬೇಕಾದರೂ ಬರಬಹುದಾದ ಬಾಗಿಲನ್ನು ತೆರೆದು, ಅಮ್ಮ ದೀಪ ಹಚ್ಚುತ್ತಿದ್ದಳು. ನನಗೆ ಇದು ಕಾಣಿಸುತ್ತಿತ್ತು, ಆದರೆ ಕಾಣಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಕಣ್ಣಿಗೆ ಕಾಣುವುದಿಲ್ಲ, ನೀವೇ ಯೋಚಿಸಿ ನೋಡಿ. ಎದುರು ಮನೆಯಲ್ಲಿ ಫಿಜಿಯ ಒಬ್ಬ ಮುದುಕಿ ಇದ್ದರು, ನಾವು ಆಂಟಿ ಎನ್ನುತ್ತಿದ್ದೆವು. ಅವರು ಮಾತ್ರ ಕಲ್ಲುಸಕ್ಕರೆಗೆ ಬರುತ್ತಿದ್ದರು. ಅವರದು ಹಿಂದಿ, ಅಮ್ಮನದು ಕನ್ನಡ. ಇಬ್ಬರೂ ಒಬ್ಬರಿಗೊಬ್ಬರು ಅರ್ಥವಾಗದೆ ಮಂಡಿನೋವಿನ ಬಗ್ಗೆ ತುಂಬ ಹೊತ್ತು ಮಾತಾಡುತ್ತಿದ್ದರು.

ಹೇಳಬೇಕಾದದ್ದಕ್ಕೆ ಬರುತ್ತೇನೆ.

ಜೂನ್ ತಿಂಗಳು, ಇಲ್ಲಿ ಅದು ಚಳಿಗಾಲ, ಐದಕ್ಕೆಲ್ಲ ಕತ್ತಲು. ಕೆಳಗಿನ ಗ್ಯಾರೇಜಿನ ಗೇಟು ಕೆಟ್ಟು ವಾರಗಳಾಗಿದ್ದವು. ಅವನು ಅಲ್ಲಿಂದ ಬಂದಿರಬೇಕೆಂದು ಆಮೇಲೆ ಪೊಲೀಸರು ಹೇಳಿದರು. ಹರೆಯದವನು. ತಲೆಯ ಮೇಲೆ ಹುಡ್, ಒದ್ದೆಯಾದ ಬೂಟು. ನಾನು ಬಾಟಲಿ ಹಿಡಿದು ಹೊರಗೆ ಬಂದಾಗ ಅವನು ಅಮ್ಮನ ಕಡೆಗೆ ನೋಡುತ್ತಿದ್ದ. ಅಮ್ಮ “ತಗೋಪ್ಪ” ಎನ್ನುತ್ತಿದ್ದಳು. ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಆ ಸ್ಕ್ರೂಡ್ರೈವರ್ ಅಲ್ಲ. ಅವನ ಇನ್ನೊಂದು ಕೈ. ಎಡಗೈಯನ್ನು ಅವನು ಚಾಚಿದ್ದ. ಅಂಗೈ ತೆರೆದಿತ್ತು.

ನಾನು ಕೂಗಿಕೊಂಡೆ. ಏನೆಂದು ಕೂಗಿದೆನೋ ನೆನಪಿಲ್ಲ. ಹೆಡ್‌ಫೋನ್ ಕಿವಿಯಲ್ಲೇ ಇದ್ದುದರಿಂದ ಮೀಟಿಂಗಿನಲ್ಲಿದ್ದವರಿಗೆ ಕೇಳಿಸಿತಂತೆ. ಅವನು ಬೆಚ್ಚಿ ನನ್ನತ್ತ ತಿರುಗಿದ. ಮುಖವೇ ಬದಲಾಯಿತು. ತೆರೆದಿದ್ದ ಆ ಕೈ ಅಮ್ಮನ ಮಣಿಕಟ್ಟನ್ನು ಹಿಡಿಯಿತು, ಬಂಗಾರದ ಬಳೆಗಳ ಮೇಲೆ. ಎಳೆದ. ಬಳೆ ಬರಲಿಲ್ಲ. ತಿರುಚಿದ. ಅಮ್ಮ ದೀಪದ ಮೇಲೆಯೇ ಬಿದ್ದಳು. ನಾನು ನಿಂತಲ್ಲೇ ಇದ್ದೆ. ಕೈಯಲ್ಲಿ ಖಾಲಿ ಬಾಟಲಿ. ಅವನು ಓಡಿದ. ಹೊಸ್ತಿಲಲ್ಲಿ ಲಟ್ಟಣಿಗೆಯ ಮೇಲೆ ಕಾಲಿಟ್ಟು ಜಾರಿ ಬಿದ್ದ, ಎದ್ದ, ಹೋದ. ಲಟ್ಟಣಿಗೆ ಕಾರಿಡಾರಿನಲ್ಲಿ ಉರುಳುತ್ತಾ ಹೋದ ಸದ್ದು ಕೇಳಿಸಿತು. ಆಮೇಲೆ ಬಾಗಿಲು ತನ್ನಷ್ಟಕ್ಕೆ ತಾನು ನಿಧಾನವಾಗಿ ಬಂದು ಮುಚ್ಚಿಕೊಂಡಿತು. ಕ್ಲಿಕ್ ಎಂದಿತು.

ಎಣ್ಣೆ ಚೆಲ್ಲಿ ಕಾರ್ಪೆಟ್ಟಿನ ಮೇಲೆ ಪುಟ್ಟದೊಂದು ಉರಿ ಎದ್ದಿತ್ತು. ಬಾಟಲಿ ತುಂಬಿಕೊಂಡಿದ್ದರೆ ನೀರು ಹಾಕಬಹುದಿತ್ತು. ಅಮ್ಮನೇ ಬಿದ್ದಲ್ಲಿಂದ ಎಡಗೈಯಲ್ಲಿ ಸೆರಗು ಒತ್ತಿ ಆರಿಸಿದಳು.

ಪೊಲೀಸರು ಬಂದರು. ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರೂ ಒಳ್ಳೆಯವರು. ಆಂಬುಲೆನ್ಸ್ ಬರುವವರೆಗೆ ಆ ಹೆಂಗಸು ಅಮ್ಮನ ಪಕ್ಕದಲ್ಲಿ ನೆಲದ ಮೇಲೇ ಕೂತು ಪ್ರಶ್ನೆ ಕೇಳಿದಳು. ನಾನು ಎರಡು ಭಾಷೆಗಳ ನಡುವೆ ಓಡಾಡಿದೆ.

“ಬಾಗಿಲು ಯಾಕೆ ತೆರೆದಿತ್ತು?”

“ಯಾರೋ ಬರುವವರಿದ್ದರು” ಎಂದೆ.

“ಯಾರು?”

ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ನೋವಿನಲ್ಲೇ ಕೇಳಿದಳು: “ಏನಂತೆ?”

“ಯಾರಿಗೆ ಬಾಗಿಲು ತೆಗೆದಿದ್ದು ಅಂತ ಕೇಳ್ತಿದ್ದಾರೆ ಅಮ್ಮ.”

“ಹೇಳು ಮತ್ತೆ. ಅದಕ್ಕೇನು ನಾಚ್ಕೆ?”

ಹೇಳಿದೆ. ದೇವತೆಯೊಬ್ಬಳು, ಸಂಜೆ ಬರುತ್ತಾಳೆ, ಅದಕ್ಕೆ. ಪೊಲೀಸಿನವಳ ಪೆನ್ನು ಒಂದು ಗಳಿಗೆ ನಿಂತಿತು. ಅವಳು ನಗಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ. “ದಿನಾಲೂ ಬರುತ್ತಾಳಾ?” ಎಂದು ಮಾತ್ರ ಕೇಳಿದಳು. ಅಮ್ಮನಿಗೆ ಹೇಳಿದೆ. “ಬರ್ತಾಳೋ ಇಲ್ವೋ, ತೆಗೆಯೋದು ನಮ್ಮ ಕೆಲಸ ಅನ್ನು” ಎಂದಳು ಅಮ್ಮ. ಅದನ್ನು ಇಂಗ್ಲಿಷಿಗೆ ತರುವುದು ನನ್ನಿಂದ ಆಗಲಿಲ್ಲ. ಹೌದು ಎಂದುಬಿಟ್ಟೆ.

ಎದುರು ಮನೆಯ ಆಂಟಿ ಕಾರಿಡಾರಿನ ಕೊನೆಯಿಂದ ಲಟ್ಟಣಿಗೆಯನ್ನು ಎತ್ತಿಕೊಂಡು ಬಂದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. “ಬೆಹನ್ ಜೀ, ಯೇ ಆಪ್ ಕಾ...” ಎಂದು ಹೇಳಲು ಹೋಗಿ ಅತ್ತುಬಿಟ್ಟರು. ಅದರ ತುದಿಯಲ್ಲಿ ತಗ್ಗು ಬಿದ್ದದ್ದು ಅವತ್ತೇ.

ಆಸ್ಪತ್ರೆಯಲ್ಲಿ ಅಮ್ಮನ ಕೈ ಊದಿಕೊಂಡಿತ್ತು. ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಬೇಕಾದರೆ ಬಳೆ ತೆಗೆಯಬೇಕು. ಅಪ್ಪ ಹೋದಾಗ ಬಂಧುಗಳು ಏನೆಂದರೂ ಅಮ್ಮ ತೆಗೆಯದ ಬಳೆಗಳು ಅವು. ಅವನು ಅಷ್ಟು ಎಳೆದರೂ ಬಾರದವು. ನರ್ಸ್ ಚಿಕ್ಕದೊಂದು ಕಟ್ಟರ್ ತಂದು, “ಸಾರಿ ಡಾರ್ಲಿಂಗ್, ಸಾರಿ ಡಾರ್ಲಿಂಗ್” ಎನ್ನುತ್ತಾ ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಅಮ್ಮ ಗೋಡೆಯ ಕಡೆ ನೋಡುತ್ತಿದ್ದಳು.

ಸುದ್ದಿ ಕೇಳಿದವರೆಲ್ಲ ಫೋನ್ ಮಾಡಿದರು. ತುಮಕೂರಿನಿಂದ ತಮ್ಮ, ಬೆಂಗಳೂರಿನಿಂದ ಚಿಕ್ಕಮ್ಮ, ಇಲ್ಲಿಯ ಕನ್ನಡ ಗೆಳತಿಯರು. ಎಲ್ಲರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು: “ಸದ್ಯ, ಏನೂ ಹೋಗಲಿಲ್ಲವಲ್ಲ.” ಪೊಲೀಸರಿಗೂ ನಾನು ಅದನ್ನೇ ಹೇಳಿದ್ದೆ. ಮನೆಯಿಂದ ಏನೂ ಹೋಗಿಲ್ಲ. ಅವನು ಸಿಕ್ಕಲೂ ಇಲ್ಲ.

ಯಾರೂ ಅಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೋ ಏನೋ, ಅವಳೂ ತಿರುಗಿ ನಾಲ್ಕು ಮಾತು ಆಡುತ್ತಿದ್ದಳು. ಗಿರೀಶ ಅವತ್ತಿನ ಕೊನೆಯ ವಿಮಾನ ಹಿಡಿದು ಬಂದ. ಅಮ್ಮನ ಮನಸ್ಸು ಹಗುರ ಮಾಡಲೆಂದು, “ಅತ್ತೆ, ಇನ್ಮೇಲೆ ಲಕ್ಷ್ಮಿಗೆ ಇಂಟರ್‌ಕಾಮ್ ಒತ್ತೋದು ಹೇಳ್ಕೊಡೋಣ ಬಿಡಿ” ಎಂದ. ಅಮ್ಮ ನಕ್ಕಳು. “ಹ್ಞೂ ಗಿರೀಶ, ನೀವೇ ಹೇಳ್ಕೊಡಿ” ಎಂದಳು. ಮರುದಿನ ಸಂಜೆ ದೀಪ ಹಚ್ಚಲಿಲ್ಲ. ಕೈಗೆ ಪ್ಲಾಸ್ಟರ್ ಇದೆಯಲ್ಲ, ಕಷ್ಟವಾಗಬಹುದು ಎಂದುಕೊಂಡೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಹಚ್ಚಲಿಲ್ಲ. “ಬೆಳಗ್ಗೆ ಹಚ್ಚಿದ್ದೀನಲ್ಲ ಕಣೆ, ಸಾಕು.”

ನನ್ನ ಟ್ರಾನ್ಸ್‌ಫರ್ ಬಂತು. ಆಗಸ್ಟ್ ಹೊತ್ತಿಗೆ ಮೂವರೂ ಗ್ಲೆನ್ ವೇವರ್ಲಿಯ ಮನೆಗೆ ಬಂದೆವು. ಸಿಡ್ನಿಯ ಮನೆ ಬಿಡುವಾಗ ಕಾರ್ಪೆಟ್ಟಿನ ಮೇಲಿನ ಕಪ್ಪು ಕಲೆಯನ್ನು ನೋಡಿ ಏಜೆಂಟ್ ಹುಡುಗ, “ಇದೇನು, ಸಿಗರೇಟಾ?” ಎಂದು ಕೇಳಿದ. ಹೌದು ಎಂದೆ. ಬೇರೆ ಉತ್ತರ ಉದ್ದವಾಗುತ್ತಿತ್ತು.

ಹೊಸ ಮನೆ ಟ್ರೇನ್ ಲೈನು ಮುಗಿಯುವ ಸ್ಟೇಷನ್ನಿನ ಹತ್ತಿರ. ಈ ಸಲ ಮೊದಲನೆಯ ಮಹಡಿ, ಬಾಲ್ಕನಿ ಕೈಗೆಟುಕುವಷ್ಟು ಕೆಳಗೆ. ಇಲ್ಲಿಂದ ನನ್ನ ಹುಚ್ಚು ಶುರುವಾಯಿತು. ಸ್ವಂತ ಮನೆಯಾದರೆ ಕಬ್ಬಿಣದ ಗೇಟು ಹಾಕಿಸಿ, ಮೇಲೆ ಇನ್ನೊಂದು ಬೀಗ ಜಡಿದು ಕೂರಬಹುದು. ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯುವುದಕ್ಕೂ ಅಪ್ಪಣೆ ಬೇಕು. ಏಜೆಂಟ್ ಹುಡುಗಿಗೆ ಫೋನ್ ಮಾಡಿ, ಮುಂಬಾಗಿಲಿಗೆ ಒಂದು ಸರಪಳಿ ಹಾಕಿಸಬಹುದೇ ಎಂದು ಕೇಳಿದೆ. ತುಂಬ ಮೆತ್ತಗಿನ ದನಿಯವಳು. “ಅದು ಬೆಂಕಿ ತಡೆಯುವ ಬಾಗಿಲು. ಅದಕ್ಕೆ ತೂತು ಕೊರೆಯುವಂತಿಲ್ಲ” ಎಂದಳು.

“ಬೆಂಕಿ ಬಂದರೆ ತಡೆಯುತ್ತದೆ, ಸರಿ. ಮನುಷ್ಯ ಬಂದರೆ?”

“ನೋಡಲು ಕಿಂಡಿ ಇದೆಯಲ್ಲ” ಎಂದಳು ಪಾಪ.

ಕಿಂಡಿ ಇತ್ತು. ಅಮ್ಮನ ಎತ್ತರಕ್ಕೆ ಸಿಗುತ್ತಿರಲಿಲ್ಲ. ಹಳೆಯ ಬಾಡಿಗೆದಾರರ ಹತ್ತಿರ ಕೀ ಉಳಿದಿರಬಹುದೆಂದು ಲಾಕ್ ಬದಲಾಯಿಸಿಕೊಡಿ ಎಂದೆ, ಅದಕ್ಕೆ ಒಪ್ಪಿದರು. ಕಿಂಡಿಯ ಮೇಲೆ ಅಂಟಿಸುವ ಕ್ಯಾಮೆರಾ ತಂದೆವು, ಬಾಗಿಲಿಗೆ ಗಾಯವಾಗದ ಜಾತಿಯದು. ಕಾರಿಡಾರಿನಲ್ಲಿ ಯಾರು ಕೆಮ್ಮಿದರೂ ಆಫೀಸಿನಲ್ಲಿರುವ ನನ್ನ ಫೋನು ಗುಂಯ್ ಎನ್ನುತ್ತಿತ್ತು. ಗಿರೀಶನ ದೊಡ್ಡ ಬೂಟುಗಳನ್ನು ಬಾಗಿಲ ಹೊರಗಿಟ್ಟೆ, ಒಳಗೆ ಗಂಡಸರಿದ್ದಾರೆ ಎಂದು ತಿಳಿಯಲಿ ಅಂತ. ನಾಯಿ ಇಲ್ಲದ ಮನೆಗೆ ನಾಯಿ ಇದೆ ಎಚ್ಚರಿಕೆ ಎಂಬ ಸ್ಟಿಕರ್ ಬಂತು. ಬಾಗಿಲಿನ ಸಂದಿಗೆ ಸಿಕ್ಕಿಸುವ ರಬ್ಬರಿನ ಬೆಣೆಯೊಂದನ್ನು ತರಿಸಿದೆವು. ಹೊರಗಿನಿಂದ ತಳ್ಳಿದರೆ ಅದು ಕಿರುಚುತ್ತದೆ. ಅದು ಮೊದಲು ಕಿರುಚಿದ್ದು ಅಮ್ಮನ ಪೊರಕೆ ತಾಗಿ. ಅಮ್ಮ ಎದೆ ಹಿಡಿದುಕೊಂಡು ಸೋಫಾದಲ್ಲಿ ಕೂತವಳು ಸಂಜೆಯವರೆಗೆ ಏಳಲಿಲ್ಲವೆಂದು ಆಮೇಲೆ ತಿಳಿಯಿತು. ಅಂದಿನಿಂದ ಅದನ್ನು ರಾತ್ರಿ ಮಾತ್ರ ಸಿಕ್ಕಿಸುತ್ತಿದ್ದೆವು.

ಬಾಲ್ಕನಿಯ ಜಾರುವ ಗಾಜಿನ ಬಾಗಿಲಿಗೆ ಏನು ಮಾಡುವುದು? ಅದರ ಹಳಿಯಲ್ಲಿ ಒಂದು ಕೋಲು ಅಡ್ಡ ಇಟ್ಟರೆ ಹೊರಗಿನಿಂದ ಸರಿಸಲಾಗದು ಎಂದು ಎಲ್ಲೋ ಓದಿದ್ದೆ. ಕೋಲು ಇರಲಿಲ್ಲ. ಅಮ್ಮನೇ ಅಡುಗೆಮನೆಯಿಂದ ಲಟ್ಟಣಿಗೆ ತಂದು ಹಳಿಯಲ್ಲಿ ಮಲಗಿಸಿದಳು. ಗಿರೀಶ ಬಾಗಿಲು ಸರಿಸಿ ನೋಡಿದ. ಅರ್ಧ ತೆರೆದುಕೊಂಡು ಲಟ್ಟಣಿಗೆಗೆ ತಾಗಿ ನಿಂತಿತು.

“ಪರವಾಗಿಲ್ಲ ಅತ್ತೆ. ದಪ್ಪ ಕಳ್ಳರಿಗೆ ಸಾಕು. ತೆಳ್ಳಗಿರೋರು ಬಂದ್ರೆ ಕಷ್ಟ.”

ಉಳಿದ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಮರದ ತುಂಡು ತಂದು ಸೇರಿಸಿದ. ಇಡೀ ಕೋಲನ್ನೇ ತರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾವೂ ಆಮೇಲೆ ಕೇಳಿಕೊಂಡೆವು. ಅಮ್ಮ ಮಾತ್ರ, “ಇರ್ಲಿ ಬಿಡು, ಅದಕ್ಕೂ ಒಂದು ನೌಕರಿ ಆಯ್ತು” ಎಂದಳು. ಅರಸೀಕೆರೆಯ ಹೊನ್ನೆ ಮರ, ಬ್ಲ್ಯಾಕ್‌ಟೌನಿನಲ್ಲಿ ಬಾಗಿಲು ತೆರೆದಿಡುತ್ತಿದ್ದದ್ದು, ಇಲ್ಲಿ ಬಾಗಿಲು ಮುಚ್ಚಿಡತೊಡಗಿತು. ಚಪಾತಿ ನಿಂತುಹೋಯಿತು. “ಈ ಮನೇಲಿ ಇನ್ನು ಚಪಾತಿ ಬೇಕಂದ್ರೆ ಕಳ್ಳರ ಹತ್ರ ರಜೆ ಕೇಳ್ಬೇಕು” ಎಂದು ಅಮ್ಮ ಅನ್ನಕ್ಕಿಟ್ಟಳು. ಅದೊಂದೇ ಹಳೆಯ ಅಮ್ಮನ ಮಾತು ಆ ತಿಂಗಳು ನಾನು ಕೇಳಿದ್ದು.

ಇಷ್ಟೆಲ್ಲ ಮಾಡಿದ ಮೇಲೂ ನಿದ್ದೆ ಬರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಅಮ್ಮನ ಕೋಣೆಗೆ ಕಿವಿಗೊಡುತ್ತಿದ್ದೆ. ಅಮ್ಮ ಗೊರಕೆ ಹೊಡೆಯುವವಳು. ಕ್ವಾರ್ಟರ್ಸಿನಲ್ಲಿ ಅಪ್ಪ ಅದನ್ನು ‘ಮದ್ರಾಸ್ ಮೇಲ್’ ಎನ್ನುತ್ತಿದ್ದರು. ಈಗ ಆ ಕೋಣೆಯಿಂದ ಸದ್ದೇ ಇಲ್ಲ. ಅವಳೂ ನನ್ನ ಕೋಣೆಗೆ ಕಿವಿಗೊಟ್ಟು ಮಲಗಿರುತ್ತಾಳೆಂದು ನನಗೆ ಗೊತ್ತಿತ್ತು. ಬೆಳಗ್ಗೆ, “ನಿದ್ದೆ ಬಂತಾ?” “ಚೆನ್ನಾಗಿ ಬಂತು, ನಿಂಗೆ?” “ನಂಗೂ.” ಇಬ್ಬರೂ ಸುಳ್ಳು ಹೇಳಿ ಕಾಫಿ ಕುಡಿಯುತ್ತಿದ್ದೆವು. ಒಮ್ಮೆ ಮಾತ್ರ, ಕಾಫಿ ಲೋಟ ತೊಳೆಯುತ್ತಾ, ನನ್ನತ್ತ ತಿರುಗದೆ ಅಮ್ಮ ಹೇಳಿದಳು: “ಅವನು ಕೈ ಚಾಚಿದ್ದ ಕಣೆ. ತಗೊಳ್ತಿದ್ದ.”

“ನಾನು ನೋಡ್ದೆ ಅಮ್ಮ” ಎಂದೆ. ಆಮೇಲೆ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ನಾನು ಆ ಹೊತ್ತಿಗೆ ಹೊರಗೆ ಬರದೇ ಇದ್ದಿದ್ದರೆ? ಇನ್ನಷ್ಟು ಬೇಗ ಬಂದಿದ್ದರೆ? ಕೂಗದೇ ಇದ್ದಿದ್ದರೆ, ಅವನು ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಬಂದ ದಾರಿಯಲ್ಲಿ ಹೋಗುತ್ತಿದ್ದನೇ? ಅಥವಾ ಆ ಇನ್ನೊಂದು ಕೈ ಏನು ಮಾಡುತ್ತಿತ್ತು? ಯಾರನ್ನು ಕೇಳಲಿ.

ಅಮ್ಮನ ವೀಸಾ ಮುಗಿಯುತ್ತಾ ಬಂದಿತ್ತು. ಹೀಗೇ, ಸಂಜೆಗಳನ್ನು ಕಳೆದುಕೊಂಡು ಅವಳು ವಿಮಾನ ಹತ್ತಿದರೆ ಆಮೇಲೆ ನಾನು ಏನನ್ನೂ ಸರಿಮಾಡಲಾರೆ ಎಂದು ಹೆದರಿಕೆಯಾಗುತ್ತಿತ್ತು. ಸರಿಮಾಡುವುದು ಹೇಗೆಂದು ಮಾತ್ರ ತಿಳಿದಿರಲಿಲ್ಲ. ಗೊತ್ತಿದ್ದದ್ದು ಇನ್ನೊಂದು ಬೆಣೆ ತರಿಸುವುದಷ್ಟೇ.

ಸೆಪ್ಟೆಂಬರಿನ ಒಂದು ಗುರುವಾರ ಆಫೀಸಿನಿಂದ ಸ್ವಲ್ಪ ಬೇಗ ಹೊರಟೆ. ಸ್ಟೇಷನ್ನಿನಿಂದ ನಡೆದು ಬರುವಾಗ ಆಗಷ್ಟೇ ಬೆಳಕು ಇಳಿಯುತ್ತಿತ್ತು. ಕೀ ತಿರುಗಿಸಿ ಬಾಗಿಲು ತಳ್ಳಿದೆ. ಬಾಗಿಲು ಯಾರಿಗೋ ತಾಗಿತು. ಒಳಗೆ ಅಮ್ಮ ಚೀರಿದಳು. ನಾನೂ ಚೀರಿದೆ.

ಅಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು. ಕೈಯಲ್ಲಿ ಹಚ್ಚದ ದೀಪ. ಎಣ್ಣೆ ಸೀರೆಯ ಮೇಲೆ ಚೆಲ್ಲಿತ್ತು.

“ಇಲ್ಲಿ ಯಾಕಮ್ಮ ನಿಂತಿದ್ದೀಯ?”

“ಸುಮ್ನೆ.”

“ಸುಮ್ನೆ ಬಾಗ್ಲ ಹಿಂದೆ ನಿಲ್ತಾರಾ ಯಾರಾದ್ರೂ? ದಿನಾ ನಿಲ್ತೀಯಾ?”

ಅಮ್ಮ ಸೀರೆಯ ಎಣ್ಣೆ ಒರೆಸಿಕೊಳ್ಳತೊಡಗಿದಳು. “ತೆಗೆಯಲ್ಲ ಕಣೆ, ಹೆದರ್ಬೇಡ. ಹೊರಗೆ ಬಂದು ಕಾಯ್ತಾ ನಿಂತಿದ್ರೆ ಪಾಪ ಅಂತ. ಒಳಗಿಂದಲೇ ಹೇಳ್ತೀನಿ ಅಷ್ಟೆ. ಇವತ್ತು ಬೇಡ ತಾಯಿ, ಇನ್ನೊಂದಿನ ಬಾ ಅಂತ.”

ನಾನು ಬ್ಯಾಗನ್ನು ಕೆಳಗಿಟ್ಟೆ. ಆಮೇಲೆ ಬಾಲ್ಕನಿಗೆ ಹೋಗಿ ಹಳಿಯಿಂದ ಲಟ್ಟಣಿಗೆಯನ್ನು ಎತ್ತಿಕೊಂಡು ಬಂದೆ. ಗಾಜಿನ ಬಾಗಿಲನ್ನು ಮುಚ್ಚಿ ಲಾಕ್ ಮಾಡಿದೆ, ಹಿತ್ತಲ ಬಾಗಿಲಲ್ಲವೇ. ಮುಂಬಾಗಿಲು ತೆರೆದು, ಲಟ್ಟಣಿಗೆಯನ್ನು ಹೊಸ್ತಿಲಿಗೆ ಅಡ್ಡ ಇಟ್ಟು, ಅದರ ಪಕ್ಕದಲ್ಲಿ ಗಿರೀಶನ ಬೂಟುಗಳನ್ನು ಸರಿಸಿ ನೆಲದ ಮೇಲೆ ಕೂತೆ.

“ಹಚ್ಚಮ್ಮ. ನಾನಿಲ್ಲಿ ಕೂತಿರ್ತೀನಿ.”

“ಬೇಡ್ವೇ...”

“ಹಚ್ಚು.”

ಅಮ್ಮನ ಬಲಗೈ ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಕಡ್ಡಿ ಗೀರಿದಳು. ಎರಡು ಸಲ ಆರಿತು. ಮೂರನೆಯ ಸಲ ಹೊತ್ತಿಕೊಂಡಿತು. ಮೊದಲೆಲ್ಲ ದೀಪ ಹಚ್ಚಿದ ಮೇಲೆ ಒಂದು ಹಾಡು ಹೇಳುತ್ತಿದ್ದವಳು ಅವತ್ತು ಹಾಡಲಿಲ್ಲ. ತಟ್ಟೆಯಲ್ಲಿ ಕಲ್ಲುಸಕ್ಕರೆ ಹಾಕಿಕೊಂಡು ಬಂದು ನನ್ನ ಹಿಂದೆ ನಿಂತಳು. ಕಾರಿಡಾರಿನ ದೀಪ ಯಾರೂ ಓಡಾಡದಿದ್ದರೆ ತಾನೇ ಆರುವಂಥದು. ಆರಿತು. ನಮ್ಮ ಮನೆಯ ದೀಪದ ಬೆಳಕು ಎದುರು ಗೋಡೆಯ ಮೇಲೆ ಅಲ್ಲಾಡುತ್ತಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಕಾರಿಡಾರಿನ ದೀಪ ಥಟ್ಟನೆ ಹತ್ತಿತು. ಅಮ್ಮನ ಕೈ ನನ್ನ ಭುಜ ಹಿಡಿಯಿತು. ಕೊನೆಯ ಮನೆಯ ಚೀನೀ ಮುದುಕರು, ಎರಡೂ ಕೈಯಲ್ಲಿ ಸೊಪ್ಪಿನ ಚೀಲ. ಹೊಸ್ತಿಲಲ್ಲಿ ಕೂತ ನನ್ನನ್ನು, ಹಿಂದೆ ನಿಂತ ಅಮ್ಮನನ್ನು ನೋಡಿ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಅಮ್ಮ ತಟ್ಟೆಯನ್ನು ಮುಂದಕ್ಕೆ ಚಾಚುತ್ತಾಳೆಂದು ಕಾದೆ. ಅಮ್ಮ ತಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮುದುಕರು ತಮ್ಮ ಮನೆಯೊಳಗೆ ಹೋದರು. ಅವರ ಬಾಗಿಲು ತಾನೇ ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಅಮ್ಮ, “ಸಾಕು ಕಣೆ. ಹಾಕು” ಎಂದಳು.

ಹಾಕಿದೆ. ಲಟ್ಟಣಿಗೆಯನ್ನು ಎತ್ತಿಕೊಂಡು ಬಾಲ್ಕನಿಯ ಕಡೆ ಹೊರಟವಳ ಕೈಯಿಂದ ಅಮ್ಮ ಅದನ್ನು ಇಸಿದುಕೊಂಡಳು. ತೊಳೆದಳು, ಒರೆಸಿದಳು, ಹಿಟ್ಟಿನ ಡಬ್ಬ ತೆಗೆದಳು. “ಗಿರೀಶ ಎಷ್ಟು ದಿನ ಅನ್ನಾನೇ ತಿಂತಾರೆ ಪಾಪ.” ಬಲಗೈಗೆ ಬಲವಿಲ್ಲದೆ ಚಪಾತಿಗಳು ಆಸ್ಟ್ರೇಲಿಯಾದ ನಕ್ಷೆಯ ಹಾಗೆ ಬಂದವು. ಗಿರೀಶ ಬಂದವನು ಒಂದನ್ನು ಎತ್ತಿ ಹಿಡಿದು, “ಅತ್ತೆ, ಇದ್ರಲ್ಲಿ ಮೆಲ್ಬರ್ನ್ ಎಲ್ಲಿ?” ಎಂದ. “ತಿಂದುಬಿಡಿ, ಹುಡುಕ್ಬೇಡಿ” ಎಂದಳು ಅಮ್ಮ.

ಎರಡು ವಾರದ ಮೇಲೆ ಅವಳು ಹೊರಟಳು. ಲಟ್ಟಣಿಗೆ ನನಗೇ ಇರಲಿ ಎಂದಳು. ಈಗ ತುಮಕೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಅಲ್ಲಿ ಸಂಜೆ ಬಾಗಿಲು ತೆರೆಯುವ ಮೊದಲು ಕಿಟಕಿಯಿಂದ ಒಮ್ಮೆ ನೋಡುತ್ತಾಳಂತೆ, ಓಣಿಯ ಈ ತುದಿ, ಆ ತುದಿ. ತಮ್ಮ ಅದನ್ನು ತಮಾಷೆಯಾಗಿ ಹೇಳುತ್ತಾನೆ. ಫೋನಿನಲ್ಲಿ ಮೊದಲೆಲ್ಲ ‘ಊಟ ಆಯ್ತಾ’ ಎಂದು ಕೇಳುತ್ತಿದ್ದವಳು ಈಗ ‘ಬಾಗ್ಲು ಹಾಕಿದ್ದೀಯಾ’ ಎಂದು ಶುರುಮಾಡುತ್ತಾಳೆ. ಹಾಕಿದ್ದೇನೆ ಎನ್ನುತ್ತೇನೆ.

ಆದರೆ ಆ ಗುರುವಾರದ ಮಾತು ಮುಗಿಸಿಬಿಡುತ್ತೇನೆ. ಊಟ ಮುಗಿಸಿ ಮಲಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಪರದೆಯ ಸಂದಿಯಲ್ಲಿ ಬಿಸಿಲು ಬಿದ್ದಿತ್ತು. ಮೊದಲು ಅರ್ಥವಾಗಲಿಲ್ಲ. ಜೂನ್ ತಿಂಗಳಿಂದ ನಾನು ಬೆಳಕು ಬರುವುದನ್ನು ಕಾಯುತ್ತಾ ಮಲಗಿದವಳು. ಬೆಳಕು ನನಗಿಂತ ಮೊದಲೇ ಬಂದು ಕೂತಿತ್ತು. ಗಾಬರಿಯಿಂದ ಎದ್ದು ಹೊರಗೆ ಬಂದೆ. ಬಾಲ್ಕನಿಯ ಹಳಿಯಲ್ಲಿ ಮರದ ತುಂಡು ಮಾತ್ರ ಇತ್ತು. ಲಟ್ಟಣಿಗೆ ಅಡುಗೆಮನೆಯ ಕಟ್ಟೆಯ ಮೇಲೆ, ಒಣಗಿದ ಹಿಟ್ಟು ಮೆತ್ತಿಕೊಂಡು ರಾತ್ರಿಯಿಡೀ ಅಲ್ಲೇ ಬಿದ್ದಿತ್ತು. ಅದನ್ನು ಅದರ ಕೆಲಸಕ್ಕೆ ಹಾಕುವುದನ್ನು ಮೂವರೂ ಮರೆತಿದ್ದೆವು.

ಅಮ್ಮನ ಕೋಣೆಯಿಂದ ಮದ್ರಾಸ್ ಮೇಲ್ ಹೋಗುತ್ತಿತ್ತು.

ಬಾಗಿಲು ಸ್ವಲ್ಪ ಸರಿಸಿ ನೋಡಿದೆ. ಹೊದಿಕೆಯ ಹೊರಗೆ ಬಲಗೈ ಚಾಚಿ ಮಲಗಿದ್ದಳು, ಬಳೆಯಿಲ್ಲದ ಕೈ. ಅಂಗೈ ತೆರೆದಿತ್ತು. ಎಬ್ಬಿಸಲಿಲ್ಲ. ಆಫೀಸಿಗೆ ತಡವಾಗುತ್ತದೆ ಎಂದು ಮೆಸೇಜ್ ಹಾಕಿ, ಅವಳ ಕೋಣೆಯ ಹೊಸ್ತಿಲ ಹತ್ತಿರ ಗೋಡೆಗೊರಗಿ ಕೂತು, ಆ ಗೊರಕೆಯನ್ನು ಕೇಳುತ್ತಾ ನಾನು ಮತ್ತೊಮ್ಮೆ ನಿದ್ದೆಹೋದೆ.